ಐದರಿಂದ ಭಾಗಿಸಿ

ಗುದೈಬಿಯಾದ ಮೂರನೇ ಮಹಡಿ, ಗುರುವಾರ, ರಾತ್ರಿ ಹತ್ತೂವರೆ.
ಕೆಳಗೆ ದರ್ಜಿ ಶಟರ್ ಎಳೆದ ಸದ್ದು.
ಇಸ್ತ್ರಿ ಮೇಜಿನ ಮೇಲೆ ಹಿಮ ಬೀಳುತ್ತಿದೆ,
ಅಂದರೆ, ಬೀಳುತ್ತಿದೆ ಎಂದು ನಾನು ಹೇಳಿದ್ದೇನೆ,
ಉಳಿದವರು ಒಪ್ಪಿದ್ದಾರೆ.
ಹೊರಗೆ ಈಗಲೂ ಮೂವತ್ತೊಂಬತ್ತು ಡಿಗ್ರಿ.

ಹಿಮದ ಈ ರಾಜ್ಯ ಒಂದು ದಪ್ಪ ಪುಸ್ತಕದ್ದು:
ಏಳು ಕೋಟೆ, ಹೆಪ್ಪುಗಟ್ಟಿದ ಒಂದು ನದಿ,
ಸತ್ತ ಮೇಲೂ ಕಂದಾಯ ಕಟ್ಟುವ ಪ್ರಜೆಗಳು.
ಚೆಂದದ ಲೋಕ. ಆದರೆ ನಿಯಮ ನಾನೂರು ಪುಟ,
ಒಂದು ಕತ್ತಿ ಬೀಸಲು ಮೂರು ಕೋಷ್ಟಕ ನೋಡಬೇಕು;
ಅಷ್ಟರಲ್ಲಿ ಶತ್ರುವಿಗೇ ನಿದ್ದೆ.
ಅದಕ್ಕೆ ನಿಯಮವನ್ನು ಇನ್ನೊಂದು ಆಟದಿಂದ ತಂದೆ,
ಕಳ್ಳಸಾಗಣೆ ದೋಣಿಗಳ ಒಂದು ತೆಳ್ಳನೆ ಪುಸ್ತಿಕೆ:
ಆರು ಮುಖದ ದಾಳ ಎರಡು ಸಾಕು,
ಉಳಿದದ್ದಕ್ಕೆ ಬಾಯಿ ಇದೆ.

ಮೂರು ಶುಕ್ರವಾರ ಕೂತು ಹೊಂದಿಸಿದೆ.
ದೋಣಿ ಎಂದಿದ್ದಲ್ಲಿ ಜಾರುಬಂಡಿ.
ಹಾಯಿ ಎಂದಿದ್ದಲ್ಲಿ ನಾಯಿಗಳು.
ಸುಂಕದವ ಎಂದಿದ್ದಲ್ಲಿ ಸುಂಕದವನೇ;
ಅವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವೆಂದು
ಎರಡೂ ಪುಸ್ತಕ ಒಪ್ಪುತ್ತವೆ.

ತೊಡಕು ಬಂದದ್ದು ಮಂತ್ರಕ್ಕೆ.
ಪುಸ್ತಿಕೆಯಲ್ಲಿ ಮಂತ್ರಕ್ಕೆ ಖಾನೆಯೇ ಇಲ್ಲ.
ಇರುವುದು ಇಷ್ಟೆ: ಬಂದರಿನಲ್ಲಿ ನಿನಗೆ ಯಾರ್ಯಾರು ಗೊತ್ತು?
‘ವಾಸ್ತಾ!’ ಎಂದು ಮೇಜು ಗುದ್ದಿದ ಭಟ್ಕಳದ ದಾಮುದಿ,
‘ನನ್ನ ಮಂತ್ರವಾದಿಗೆ ವಾಸ್ತಾ ಮೂರು ಅಂತ ಬರಿ.’
ಬರೆದೆ.
ಎರಡು ವರ್ಷದಲ್ಲಿ ಮೊದಲ ಸಲ
ಅವನ ಮಂತ್ರ ಫಲಿಸಿತು.

ಫ್ಲೆಮಿಂಗ್ ಲಾಸ್ರಾದೊನದು ಬೇರೆ ಸಂಕಟ.
ಹಗಲು ಲಿಫ್ಟ್ ರಿಪೇರಿ, ರಾತ್ರಿ ಸರದಾರ.
ಹಳೇ ಲೆಕ್ಕದಲ್ಲಿ ಸರದಾರನಿಗೆ ತೊಂಬತ್ತು ಪ್ರಾಣ,
ಬೆಂಕಿಯುಗುಳುವ ಸರ್ಪದ ಬಾಯಲ್ಲಿ ಮಿಂದು
ಮೈ ಒರೆಸಿಕೊಂಡು ಬಂದವನು.
ಹೊಸ ಲೆಕ್ಕದಲ್ಲಿ ಯಾರಿಗಾದರೂ ಗಾಯ ಮೂರೇ.
ನಾಲ್ಕನೆಯದಕ್ಕೆ ಹಾಳೆಯಲ್ಲಿ ಜಾಗವಿಲ್ಲ.
ಕೋಟೆಯ ಮೆಟ್ಟಿಲಲ್ಲಿ ಅಡುಗೆಮನೆಯ ಹುಡುಗನೊಬ್ಬ
ಈರುಳ್ಳಿ ಹೆಚ್ಚುವ ಚಾಕು ಹಿಡಿದು ಅಡ್ಡ ನಿಂತ.
ಫ್ಲೆಮಿಂಗ್ ದಾಳ ಎತ್ತಿಕೊಂಡ. ಹಾಳೆ ನೋಡಿದ.
ದಾಳ ಕೆಳಗಿಟ್ಟ.
‘ಊಟ ಆಯ್ತಾ ಮಗಾ?’ ಎಂದ ಸರದಾರ.
ಆ ಸರದಾರ ಅಲ್ಲಿಯವರೆಗೆ
ಯಾರನ್ನೂ ಏನನ್ನೂ ಕೇಳಿದವನಲ್ಲ.

ವನಜಾ ಖಾರ್ವಿ ಬರುವಾಗ ಹನ್ನೊಂದೂ ಕಾಲು,
ಡ್ಯೂಟಿಯ ನೀಲಿ ಅಂಗಿಯಲ್ಲೇ, ಕೈಯಲ್ಲಿ ಖುಬೂಸಿನ ಕಟ್ಟು.
ಅವಳ ಬೇಟೆಗಾರ್ತಿಗೆ ಮಂಜುಗಡ್ಡೆ ಓದುವ ವಿದ್ಯೆ ಹದಿನಾರು.
ಹೊಸದರಲ್ಲಿ ಎಷ್ಟು?
ಮೂರು, ಅಂದೆ. ಎಲ್ಲವನ್ನೂ ಐದರಿಂದ ಭಾಗಿಸಿದ್ದೇನೆ.
‘ಗೊತ್ತಿತ್ ಈ ಲೆಕ್ಕ,’ ಎಂದಳು ಪೆನ್ಸಿಲ್ ಕೆತ್ತುತ್ತ.
‘ಕುಂದಾಪ್ರದ ಹೆರಿಗೆ ವಾರ್ಡಂಗೆ ಹನ್ನೊಂದ್ ವರ್ಷ.
ಇಲ್ಲಿನ ಕಾಗ್ದದಂಗೆ ಅದ್ ಎರ್ಡ್.
ಉಳ್ದ ಒಂದ್ ಎಲ್ಲಿಗ್ ಹೋಯ್ತ್ ಅಂತ ಕೇಂಡೆ,
ಕೌಂಟರಿನವ್ಳ್ ಮುಂದಿನ ಟೋಕನ್ ಕರ್ದಳ್.’
ಯಾರೂ ಮಾತಾಡಲಿಲ್ಲ. ಏಸಿ ಎರಡು ಸಲ ಕೆಮ್ಮಿತು.
ಅವಳು ಮೂರು ಎಂದು ಬರೆದು,
ಅಂಚಿನಲ್ಲಿ, ಖಾನೆಯ ಹೊರಗೆ,
ಒಂದು ಸಣ್ಣ ಗೀಟು ಎಳೆದಳು.

ನಡುರಾತ್ರಿ ದಾಟಿದ ಮೇಲೆ ನದಿ.
ಬಂಡಿ ನಡುವಿಗೆ ಬಂದಾಗ ಮಂಜು ಬಿರಿಯಿತು,
ನಾಯಿಗಳು ಮುಂದೆ ಹೋಗಲೊಲ್ಲವು.
ವನಜಾ ದಾಳ ಉರುಳಿಸಿದಳು:
ಒಂದು ನಾಲ್ಕು ತೋರಿಸಿ ನಿಂತಿತು,
ಇನ್ನೊಂದು ಮೇಜು ಹಾರಿ ಫ್ರಿಜ್ಜಿನಡಿ ಹೋಯಿತು.
ಫ್ಲೆಮಿಂಗ್ ನೆಲಕ್ಕೆ ಕೆನ್ನೆ ಹಚ್ಚಿ ಮೊಬೈಲ್ ಬೆಳಕು ಬಿಟ್ಟ.
‘ನೂರು ಫಿಲ್ಸ್ ಇದೆ. ಒಣಮೆಣಸು ಒಂದು.
ಹಾಂ, ದಾಳ ಕಾಣ್ತಾ ಇದೆ...’

ವನಜಾ ಹಾಳೆ ನನ್ನ ಕಡೆ ತಿರುಗಿಸಿ
ಆ ಗೀಟಿನ ಮೇಲೆ ಬೆರಳಿಟ್ಟಳು.
ದಾಮುದಿ ಎರಡೂ ಪುಸ್ತಕ ತೆಗೆದ,
ದಪ್ಪದ್ದನ್ನೂ, ತೆಳ್ಳನೆಯದನ್ನೂ.
ಎರಡರಲ್ಲೂ ಇಲ್ಲವೆಂದು ನನಗೆ ಗೊತ್ತು.

‘ಎಷ್ಟ್ ಬಿದ್ದಿತ್ ಅಂತ ಈಗ್ಳೇ ಹೇಳ್ಬೇಡ ಫ್ಲೆಮಿಂಗ್,’ ಎಂದಳು,
‘ಮೊದ್ಲ್ ಇವ್ರ್ ಈ ಒಂದಕ್ಕೆ ಲೆಕ್ಕ ಹೇಳ್ಲಿ.’