ಸಿಂಹದ ಹಿಂಗಾಲು

ಸಿಂಹಕ್ಕ ನಾಕು ಕಾಲು.
ಮುಂದಿನವು ಎರಡು ಯೂಲಾನ್ ಬಾಯಾರವು,
ಹಿಂದಿನವು ನನ್ನವು,
ಖಾದರಸಾಬ ನದಾಫ, ಹಲ್ಲಿನ ಸೆಟ್ ಮಾಡಾಂವ,
ಬೆಳಗಾವಿ ಕ್ಯಾಂಪಿನ್ಯಾಗ ಶಿಯಾ ದವಾಖಾನಿಯೊಳಗ
ಇಪ್ಪತ್ತೆರಡು ವರ್ಷಾತು.

ಹಿಂಗಾಲಿಗೆ ಕಣ್ಣಿಲ್ಲ.
ನಡಾ ಬಗ್ಗಿಸಿ, ಮುಂದಿನವರ ಪಟ್ಟಾ ಹಿಡದು
ಅರಿವಿಯೊಳಗ ಉಸರು ಬಿಡಬೇಕು.
ಕಾಣೂದು ಎರಡು ಹಿಮ್ಮಡ, ಒಂದು ಗೇಣು ನೆಲ.
ಅವರು ಜಿಗದ್ರ ನಾ ಎತ್ತಬೇಕು,
ಅವರು ನಾಚಿಕೊಂಡ್ರ ನಾ ಬಾಲ ಅಳ್ಳಾಡಸಬೇಕು.
ಮೊಹರಮ್ಮಿನ ಹೆಜ್ಜಿ ಮ್ಯಾಳದಾಗ ಕುಣದ ಮೊಣಕಾಲು
ಬ್ಯಾಡ ಅನ್ನಲಿಲ್ಲ.

ತಲಿ ಸಿಕ್ಕಿದ್ದು ಅಟ್ಟದ ಮ್ಯಾಲ,
ಸುಣ್ಣಾ ಬಳಿಯಾಕ ಸಾಮಾನು ಇಳಿಸುವಾಗ.
ಗೋಣಿಚೀಲದಾಗ ಬಿದಿರಿನ ಹಂದರ, ಮ್ಯಾಲ ಕಾಗದ,
ಒಂದು ಕಿವಿ ಇಲಿ ತಿಂದಿತ್ತು.
ಕಣ್ಣು ಎರಡೂ ಕರ್ರಗ. ಬೂಟಿನ ಪಾಲಿಶ್.
ಅರವತ್ತೆರಡರಾಗ ಅವರಜ್ಜ ಮೆತ್ತಿದ್ದು.
ಆ ವರ್ಷದಿಂದ ದೊಡ್ಡ ಡಾಕ್ಟರ್ ಸೋಮವಾರಕ್ಕೊಮ್ಮೆ
ಠಾಣೇಕ್ಕ ಹೋಗಿ ಸಹಿ ಮಾಡಬೇಕಾತು.
ಊರ ಮಂದಿ ಹಲ್ಲು ಕಿತ್ತ ಕೈ
ತಾನು ಎಲ್ಲೂ ಓಡಿ ಹೋಗಿಲ್ಲ ಅಂತ
ರಜಿಸ್ಟರಿನ್ಯಾಗ ಬರೀತಿತ್ತು.
'ಇದು ಇಂಥಾದ್ದು ನೋಡೂದು ಬ್ಯಾಡ' ಅಂದ್ರಂತ,
ಬ್ರಶ್ಶು ತಗೊಂಡ್ರಂತ.
ಬಾಯಾರಿಗೆ ಗೊತ್ತಿದ್ದದ್ದು ಇಷ್ಟ.

ಉಳಿದದ್ದು ಕಲಕತ್ತಾದ ಸೋದರತ್ತಿ ಫೋನಿನ್ಯಾಗ ಹೇಳಿದ್ದು:
ಹೊಸ ಬಾಗಲಾ ತಗದ ದಿನ ಸಿಂಹ ಬರಬೇಕು,
ಸಪ್ಪಳಕ್ಕ ಕೆಟ್ಟದ್ದು ಓಡಬೇಕು,
ಚೌಕಟ್ಟಿಗೆ ಕಟ್ಟಿದ ಹಸರ ತಪ್ಪಲಾ ತಿಂದು, ಜಗದು
ಮಂದಿ ಮ್ಯಾಲ ಉಗುಳಬೇಕು.
ಅವರ ಮಾತಿನ್ಯಾಗ ಆ ತಪ್ಪಲದ ಹೆಸರು
ರೊಕ್ಕಾ ಹುಟ್ಟಿದಂಗ ಕೇಳತೈತಂತ.
ನಮಗ ಸಿಕ್ಕಿದ್ದು ಮೆಂತ್ಯೆದ ಸೂಡು.
ಲಿಂಬಿಹಣ್ಣು ಮೆಣಸಿನಕಾಯಿ ಪಕ್ಕದಾಗ ತೂಗಹಾಕಿದ್ವಿ.
ಎರಡೂ ಒಂದಕ್ಕೊಂದು ಏನೂ ಅನ್ನಲಿಲ್ಲ.

ಹುದಲಿಯಿಂದ ಅಡಿವೆಪ್ಪನ ಕರಡಿಮಜಲು ಬಂತು.
'ಸಿಂಹ ಕುಣಿಯಾಕ ಕರಡಿ ಬಾರಸಬೇಕೇನ್ರಿ ಬಾಯಾರ?'
ಅಂತ ತಾನ ನಕ್ಕ.
ಬಾಯಾರು ಹಲ್ಲು ನೋಡೂ ಕನ್ನಡಿಯಿಂದ
ಟೇಬಲ್ ಮ್ಯಾಲ ಗತ್ತು ಬಡದು ತೋರಿಸಿದ್ರು.
ಅಡಿವೆಪ್ಪ ಕಣ್ಣು ಮುಚ್ಚಿ ಎರಡು ಸಲ ಕೇಳಿ,
'ನಂದೀಕೋಲ ತಿರುಗೂ ಮುಂದ ನಾವು ಹೊಡೀತೀವಲ್ಲಾ,
ಇದು ಅದರ ತಮ್ಮ' ಅಂದ.

ಕಣ್ಣು ತಗಿಯಾಕ ಹಿರೇರು ಬೇಕು.
ತಂಗೆವ್ವ ಮಾನಗಾವಿ ಬಂದ್ಲು, ಎಂಬತ್ತಾರು ವರ್ಷ,
ಬಾಯಿತುಂಬ ನಾ ಮಾಡಿದ ಹಲ್ಲು.
ಗಂಡ ಆ ಠಾಣೇದಾಗ ಜಮಾದಾರ ಇದ್ದ,
ರಜಿಸ್ಟರು ಅವನ ಕೈಯಾಗಿತ್ತು.
ಅಳತಿ ತಗೊಂಡ ದಿನ, ಬಾಯಾಗಿನ ಮೇಣ ತಗದ ಮ್ಯಾಲ
ನನಗೊಬ್ಬನಿಗೆ ಹೇಳಿದ್ಲು.
ಬಾಯಾರಿಗೆ ನಾ ಹೇಳಿಲ್ಲ.
ಪಾಲಿಶ್ ಸ್ಪಿರಿಟ್ಟಿನಿಂದ ಒರಸಿ
ಕುಂಕುಮ ಕಲಸಿ ಕೊಟ್ವಿ, ಸಣ್ಣ ಬ್ರಶ್ಶು.
ಎಡಗಣ್ಣಿಗೆ ಸರಿ ಕುಂತಿತು.
ಬಲಗಣ್ಣಿಗೆ ಬರೂದ್ರಾಗ ಮುದುಕಿ ಕೈ ನಡಗಿ
ಬೊಟ್ಟು ಮ್ಯಾಲ ಸರೀತು.
ಮೆಳ್ಳಗಣ್ಣಿನ ಸಿಂಹ ಎದ್ದು ನಿಂತಿತು.

ಕುಣದ್ವಿ.
ನಾ ಏನೂ ನೋಡಲಿಲ್ಲ.
ಶಹಾಪುರದ ನೇಕಾರರ ಕೆಂಪು ಅರಿವಿಯೊಳಗ
ಬಿಸಲು ಸೋಸಿ ಬರತಿತ್ತು,
ಕರಡಿ ಎದಿಯೊಳಗ ಗುದ್ದತಿತ್ತು,
ಹಿಮ್ಮಡ ಎರಡೂ ನೆಲಾ ಬಿಟ್ಟಾಗ
ಅವರ ಭಾರ ಎಲ್ಲಾ ನನ್ನ ಮುಂಗೈಯಾಗ.
ಆಮ್ಯಾಲ ಕಾಲಾಗ ಮೆಂತ್ಯೆದ ಎಲಿ ಬಿದ್ದವು,
ಒಂದು ಎಲಿ ತಂಗೆವ್ವನ ಚಪ್ಪಲಿ ಮ್ಯಾಲ.
ಚಪ್ಪಲಿ ತಾಳಕ್ಕ ಅಳ್ಳಾಡತಿತ್ತು.

ಹಲ್ಲು ಹಚ್ಚಲೇನ್ರಿ ಇದಕ್ಕ, ಅಂತ ಮರುದಿನ ಕೇಳಿದೆ.
'ಬ್ಯಾಡ ಖಾದರ, ಇದು ಕಚ್ಚೂ ಸಿಂಹ ಅಲ್ಲ.'
ಈಗ ತಲಿ ಪೇಶಂಟ್ ಕೂಡ್ರೂ ಖೋಲ್ಯಾಗ ಗ್ವಾಡಿಗೈತಿ.
ಒಂದು ಕಣ್ಣು ಬಾಗಲಾ ಕಾಯತೈತಿ,
ಇನ್ನೊಂದು ಅಟ್ಟಾ ನೋಡತೈತಿ.
ಬಾಲ ನನ್ನ ಕಪಾಟಿನ್ಯಾಗ,
ಇನ್ನೂ ಒಗಿಯಾಕ ಹಾಕಿಲ್ಲ.