ಕಿಟಕಿ ಮೂರು

ಮೊದಲಿಗೆ, ನೀವು ಹೊಕ್ಕಿದ್ದು ತಪ್ಪು ಬಾಗಿಲು.
ಎಲ್ಲರೂ ಹಾಗೇ. ಮೇಲಿನದು
ಜಮೀನು, ಮದುವೆ, ನಾಯಿಯ ಲೈಸೆನ್ಸು.
ಫೆಲನಿ ಅಂದರೆ ಕೆಳಗೆ, ಹನ್ನೆರಡು ಮೆಟ್ಟಿಲು.
ಬಲಗಡೆ ಕಂಬಿ ಅಲ್ಲಾಡುತ್ತದೆ, ನೆಚ್ಚಬೇಡಿ.

ಹೆಸರು ಹೇಳಿ. ನಿಮ್ಮದಲ್ಲ,
ನೀವು ಹುಡುಕುತ್ತಿರುವವರದು.
ಯಾಕೆಂದು ನಾನು ಕೇಳುವ ಹಾಗಿಲ್ಲ,
ಆಲ್ಡರ್ ಕೌಂಟಿಯ ಕಡತ ಆಲ್ಡರ್ ಕೌಂಟಿಯ ಜನರದೇ.
ಆದರೂ ಬಂದವರೆಲ್ಲ ಹೇಳಿಯೇ ಹೇಳುತ್ತಾರೆ:
ಮಗಳ ಜೊತೆ ತಿರುಗುವವನು ಎಂಥವನೋ ಅಂತ ಒಬ್ಬಳು,
ಮಹಡಿ ಬಾಡಿಗೆಗೆ ಕೇಳಿದ್ದಾನೆ ಅಂತ ಇನ್ನೊಬ್ಬ,
ಮೊನ್ನೆ ಒಬ್ಬ ಟೋಪಿ ಕಳಚಿ ನಿಂತು,
ಲಾರಿ ಕಂಪನಿಯವರಿಗೆ ತೋರಿಸಬೇಕು,
ನನ್ನದೇ ಕೊಡಿ, ಅಂದ.

ಎಂಬತ್ತೊಂಬತ್ತರಿಂದ ಈಚಿನದು ಆ ಕಂಪ್ಯೂಟರಿನಲ್ಲಿ.
ಕುರ್ಚಿ ಒಂದೇ. ಸರದಿ ನೋಡಿಕೊಳ್ಳಿ.
ಆಚಿನದು ಫಿಲ್ಮಿನ ಸುರುಳಿ,
ಅದಕ್ಕೂ ಆಚಿನದು ಈ ಹಸಿರು ರಟ್ಟಿನ ಸೂಚಿಗಳು,
ಎತ್ತಲು ಎರಡು ಕೈ ಬೇಕು.
ಹೆಸರಿನಿಂದ ನಂಬರು, ನಂಬರಿನಿಂದ ಪೆಟ್ಟಿಗೆ,
ಪೆಟ್ಟಿಗೆ ಮಾತ್ರ ಇಲ್ಲಿಲ್ಲ. ರೈಲ್ವೆ ಹಳಿಯಾಚೆ
ಹಿಂದೆ ಜೋಳ ತುಂಬುತ್ತಿದ್ದ ಗೋದಾಮಿನಲ್ಲಿದೆ.
ವ್ಯಾನು ಬರುವುದು ಗುರುವಾರ.
ನೋಡಲು ಕಾಸಿಲ್ಲ. ನಕಲಿಗೆ ಪುಟಕ್ಕೊಂದು ಡಾಲರು,
ಮುದ್ರೆ ಒತ್ತಿಸಿದರೆ ಮೇಲೆ ಐದು.

ಇನ್ನೊಂದು ಮಾತು, ಇದಕ್ಕೆ ಶುಲ್ಕವಿಲ್ಲ:
ಜನ ಮೊದಲ ಪುಟ ಓದಿ ಎದ್ದು ಹೋಗುತ್ತಾರೆ.
ಮೊದಲ ಪುಟ ಆರೋಪ.
ಕೊನೆಯದನ್ನು ಕೇಳಿ ಪಡೆಯಿರಿ.

ಹಾಲಿನಾ ಪ್ರುಶೆಕ್ ಹೋದ ಚಳಿಗಾಲ ಬಂದಳು,
ಬೂಟಿನ ಹಿಮ ಮೇಲೆಯೇ ಕೊಡವಿ, ಮರ್ಯಾದೆಯಿಂದ.
ಅಪ್ಪನ ಹೆಸರು ಕಾಜಿಮಿರ್. ಅರವತ್ತೊಂದೋ, ಅರವತ್ತೆರಡೋ.
ತಾಮ್ರದ ತಂತಿ ಕದ್ದ ಅಂತ ಶಾಲೆಯಲ್ಲಿ ಕೇಳಿದ್ದಳಂತೆ.
ಮನೆಯಲ್ಲಿ ಕೇಳಿದರೆ ಅಮ್ಮ ಪಾತ್ರೆ ಉಜ್ಜುತ್ತಿದ್ದಳು,
ಅಪ್ಪ ಸಾಯುವ ತನಕ ಅದಕ್ಕೆ ತುಟಿ ಬಿಚ್ಚಲಿಲ್ಲ.

ಪಿ ಸಾಲಿನಲ್ಲಿ ಅವನಿಲ್ಲ. ಎರಡು ದಿನ ಹುಡುಕಿದಳು.
ನಾನೆಂದೆ: ಅಲ್ಲಿರುವುದು ನಿಮ್ಮ ಮನೆಯ ಹೆಸರಲ್ಲಮ್ಮ,
ಅವತ್ತಿನ ಗುಮಾಸ್ತನ ಕಿವಿ.
ಅವನಿಗೆ ಕೇಳಿಸಿದ ಹಾಗೆ ಹುಡುಕಿ.
ಎಸ್ಸಿಗೆ ಜೆಡ್ಡು, ಕೆಗೆ ಸಿ, ಕಾಜಿಮಿರ್ ಬದಲು ಕ್ಯಾಸಿ...
ಸಂಜೆ ನಾಲ್ಕೂವರೆಗೆ ಸಿಕ್ಕ, ಬಿ ಸಾಲಿನಲ್ಲಿ:
ಬ್ರೂಸೆಕ್, ಕೆ.
ಮಸಿ ಚೆಲ್ಲಿದ ಪುಟ. ಹೆಸರಿಗೆ ಮಸಿ ಹತ್ತಿರಲಿಲ್ಲ,
ಅಂಚಿನಲ್ಲಿತ್ತು.

ಗುರುವಾರ ಪೆಟ್ಟಿಗೆ ಬಂತು. ಹನ್ನೊಂದು ಹಾಳೆ.
ಎರಡನೆಯದಕ್ಕೆ ಷೆರಿಫನ ಕಚೇರಿಯ ಫೋಟೊ, ತುಕ್ಕು ಪಿನ್ನು.
ಇಪ್ಪತ್ತಾರರ ಹುಡುಗ, ಎದುರು ನೋಟ, ಪಕ್ಕದ ನೋಟ.
ಕೆಳತುಟಿ ಬಾತು ಕಲ್ಲಾಗಿದೆ.

ಅವಳು ತನ್ನ ತುಟಿಗೆ ಬೆರಳಿಟ್ಟು
ಪ ಅಂದಳು, ಮೆಲ್ಲಗೆ. ಬ ಅಂದಳು.
ಎರಡೂ ತುಟಿ ಕೂಡಿದರೆ ಹುಟ್ಟುವ ಅಕ್ಷರಗಳೇ.
ನಾನು ಸ್ಟೇಪ್ಲರಿಗೆ ಪಿನ್ನು ತುಂಬುತ್ತಿದ್ದೆ,
ಅದರಲ್ಲಿ ಆಗಲೇ ತುಂಬಿತ್ತು.

ಕೊನೆಯ ಹಾಳೆಯಲ್ಲಿ ಒಂದೂವರೆ ಸಾಲು:
ತಂತಿ ಕಂಪನಿಯ ಉಗ್ರಾಣದಲ್ಲೇ ಪತ್ತೆ. ಪ್ರಕರಣ ವಜಾ.
ಬಂದಿಖಾನೆಯಲ್ಲಿ ಕಳೆದದ್ದು ಮೂವತ್ತೊಂದು ದಿನ.
ಇದನ್ನು ಯಾರಿಗೂ ಓದಿ ಹೇಳಿದ ಗುರುತಿಲ್ಲ.

ಹೆಸರು ತಿದ್ದಬಹುದೇ, ಕೇಳಿದಳು.
ತಿದ್ದಲು ಅರ್ಜಿ, ಎರಡನೆಯ ಮಹಡಿ, ನ್ಯಾಯಾಧೀಶರ ಸಹಿ,
ತಿಂಗಳುಗಟ್ಟಲೆ. ಅವಳಿಗೆ ಎಪ್ಪತ್ತೊಂದು.
ಬೇಡ ಬಿಡಿ ಅಂದಳು.
ಹತ್ತು ಹಾಳೆ ಬರಿಯ ನಕಲು, ಕೊನೆಯದಕ್ಕೆ ಮುದ್ರೆ.
ಹದಿನಾರು ಡಾಲರನ್ನು ಎರಡು ಸಲ ಎಣಿಸಿ ಕೊಟ್ಟಳು.

ಮೂಲ ಸೂಚಿಯಲ್ಲಿ ಬರೆಯುವುದು ನನ್ನ ಕೆಲಸಕ್ಕೇ ಕುತ್ತು.
ಆದರೂ ನೀವು ಪಿ ಸಾಲು ತಿರುವಿದರೆ
ಎಡಗಡೆ ಅಂಚಿನಲ್ಲಿ ಪೆನ್ಸಿಲ್ಲಿನದೊಂದು ತೆಳು ಗೀಟು ಕಂಡೀತು:
ಪ್ರುಶೆಕ್. ಬಿ ನೋಡಿ.

ಅದು ನೀವು ಕೇಳಿದ್ದಲ್ಲ. ಇರಲಿ.
ನಿಮ್ಮ ಹೆಸರು ಹೇಗೆ ಬರೆಯುತ್ತಾರೆ,
ಅಲ್ಲ, ಬೇರೆಯವರು ಹೇಗೆ ಬರೆದಿದ್ದಾರು?