ಮೂರು ಫೋನು, ಒಂದು ಶೆಡ್ಡು

ಬನಹಟ್ಟಿಯ ನಮ್ಮ ಶಾಲೆಗೆ ಪ್ರಯೋಗಾಲಯ ಅಂತಿದ್ದದ್ದು
ಒಂದು ಕಪಾಟು. ಅದರ ಕೀಲಿ ಹೆಡ್‌ಮಾಸ್ತರರ ಹತ್ತಿರ.
ಆ ಸೋಮವಾರ ನಾನು ಶಬ್ದದ ಪಾಠ ತೆರೆಯಲಿಲ್ಲ.
ಹಲಗೆಯ ಮೇಲೆ ಒಂದೇ ಸಾಲು ಬರೆದು
ಸೀಮೆಸುಣ್ಣ ಕೆಳಗಿಟ್ಟೆ:
ನಮ್ಮ ಓಣ್ಯಾಗ ಎಲ್ಲಾರೂ ಯಾಕ ಒದರಿ ಮಾತಾಡ್ತಾರ?

ಮೊದಲು ನಕ್ಕರು. ಆಮೇಲೆ ಒದರಿದರು.
'ಸಿಟ್ಟು ಜಾಸ್ತಿರೀ', 'ಖಾರ ತಿಂತಾರ್ರೀ',
'ನಮ್ಮ ಸೀಮಿ ದನೀನ ಹಂಗರೀ ಟೀಚರ.'
ಹಿಂದಿನ ಬೆಂಚಿನಿಂದ ದಾನಮ್ಮ, ಬಲು ಮೆಲ್ಲಗೆ:
'ಮಗ್ಗಾರೀ.'

ಹೇಗೆ ಗೊತ್ತು? ಎಂದೆ.

ಕೂಡಿಸಿದ್ದು ಮೂರು ಫೋನು. ನನ್ನದೊಂದು,
ಮಲಿಕಜಾನನ ಅಣ್ಣನದು, ಗಾಜು ಒಡೆದದ್ದು,
ಕಾಡಪ್ಪನ ಅವ್ವ ಸಂಘದ ಲೆಕ್ಕಕ್ಕೆಂದು ಕೊಂಡದ್ದು.
ಮೂರಕ್ಕೂ ಅದೇ ಆ್ಯಪ್: ಸದ್ದು ಕೇಳಿದರೆ
ಮುಳ್ಳು ನಡುಗುತ್ತ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ.

ಒಂದೇ ಶೆಡ್ಡು. ಒಂದೇ ಹೊತ್ತು.
ಲಾಳಿ ಓಡುವ ಜಾಗದಿಂದ ಒಂದೇ ದೂರ,
ಅದನ್ನೂ ನೂಲಿನ ಎಳೆ ಹಿಡಿದು ಅಳೆದಿದ್ದರು.
ಎಂಬತ್ತೊಂದು. ತೊಂಬತ್ತಾರು. ತೊಂಬತ್ತೊಂಬತ್ತು.
'ಇದರಾಗ ಖರೇ ಹೇಳೂ ಫೋನು ಯಾವುದರೀ?'
ಗೊತ್ತಿಲ್ಲ, ಅಂದೆ.
ಹನ್ನೊಂದು ವರ್ಷದ ನೌಕರಿಯಲ್ಲಿ ಆ ಮಾತು
ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಅದೇ ಮೊದಲು.

ಅವರೇ ಹಿಡಿದರು. ಮಲಿಕಜಾನನ ಕವರು
ಮೈಕಿನ ತೂತಿನ ಮೇಲೆ ಕೂತಿತ್ತು.
ಕವರು ಕಳಚಿದ, ಎಂಬತ್ತೊಂದು ತೊಂಬತ್ತೈದಾಯಿತು.
ಉಳಿದ ನಾಲ್ಕರ ಜಗಳ ಕೊನೆತನಕ ಹರಿಯಲಿಲ್ಲ.
'ಇರಲಿ ಬಿಡ್ರೀ,' ಕಾಡಪ್ಪ ಹೇಳಿದ,
'ಮೂರೂ ಕೆಂಪಾಗ ಅದಾವಲ್ಲ.'

ದಾನಮ್ಮ ಅಪ್ಪನ ಮುಂದೆ ಫೋನು ಹಿಡಿದಳಂತೆ.
ಕೈ ಮಗ್ಗದ ಮೇಲೆ, ಕಣ್ಣು ಹರಿದ ಎಳೆಯ ಮೇಲೆ,
'ಏನ ಹಾಡು ಹಚ್ಚೀಯವಾ?' ಅಂದರಂತೆ.

ಆ ರಾತ್ರಿ ಕರೆಂಟು ಹೋಗಿ
ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು.
ಅವಳ ಪಟ್ಟಿಯಲ್ಲಿ ಪೆನ್ಸಿಲಿನ ಗುರುತು:
ಓಣಿ: ಮೂವತ್ತೆಂಟು.
ಅಪ್ಪನಿಂದ ದೂರ: ನಾಲ್ಕು ಹೆಜ್ಜೆ.
'ಅಪ್ಪಾ' ಎಂದು ಕರೆದದ್ದು: ಮೂರು ಸಲ.
ತಿರುಗಿದ್ದು:
ಆ ಜಾಗ ಖಾಲಿ ಬಿಟ್ಟಿದ್ದಳು.

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಸರಿ ಹಾಕಲೆ? ಎಷ್ಟು ಅಂಕ?
ಮುಚ್ಚಳ ಹಾಕಿ ಇಟ್ಟುಬಿಟ್ಟೆ.

ಮರುವಾರದ ಪ್ರಶ್ನೆ ನಾನು ಬರೆಯಲಿಲ್ಲ,
ಶಾಲೆಗೆ ಬರುವಷ್ಟರಲ್ಲಿ ಹಲಗೆಯ ಮೇಲಿತ್ತು:
ಕಿವ್ಯಾಗ ಅರಳಿ ಇಟ್ಟರ ಎಷ್ಟು ಕಡಿಮಿ ಆಗತೈತಿ?
ಮೈಕಿಗೆ ಅರಳೆ ಸುತ್ತಿ ನೋಡಿದರು. ಆರು.
'ಮೈಕು ಕಿವಿ ಅಲ್ಲಲ್ಲ?' ಮಲಿಕಜಾನ ತಕರಾರು ತೆಗೆದ.
ಅದೇ ತಕರಾರಿನಲ್ಲಿ ಗಂಟೆ ಹೊಡೆಯಿತು.

ಪಾಲಕರ ಸಭೆಗೆ ದಾನಮ್ಮನ ಅಪ್ಪ ಬಂದರು,
ಅಂಗಿಯ ಮೇಲೆ ನೂಲಿನ ಧೂಳು.
'ನಮ್ಮ ಹುಡುಗಿ ಹೆಂಗ ಕಲಿಯಾಕತ್ಯಾಳ್ರೀ?'
ಆ ದನಿಗೆ ಹೊರಗಿನ ಬೇವಿನ ಮರದ ಗುಬ್ಬಿ ಎದ್ದವು.
ಮಕ್ಕಳು ಯಾರೂ ನಗಲಿಲ್ಲ.

ಛಲೋ ಕಲಿಯಾಕತ್ಯಾಳ್ರೀ, ಅಂದೆ.
ಅವರು ನನ್ನ ತುಟಿ ನೋಡುತ್ತಿದ್ದರು.
ಛಲೋ ಕಲಿಯಾಕತ್ಯಾಳ್ರೀ,
ನಾನೂ ಒದರಿದೆ.